ಒಂದು ಗೇಣು ನೆಲದ ಬೆಳೆ

ಸಾಂಬಾರ್ ಈರುಳ್ಳಿಯ ಬೇರು ಇಳಿಯುವುದು ಒಂದು ಗೇಣು, ಅಷ್ಟೇ. ಅದರ ತೂಕ, ಬಣ್ಣ, ಘಾಟು, ಬಾಳಿಕೆ ಎಲ್ಲ ತೀರ್ಮಾನವಾಗುವುದು ಆ ಗೇಣಿನೊಳಗೇ. ಗುಂಡ್ಲುಪೇಟೆಯ ಹೊಲಗಳಲ್ಲಿ ಆ ಮಣ್ಣು ಈಗ ಏನು ಹೇಳುತ್ತಿದೆ?

ಭರಣಿ ಮಳೆ ಬಿದ್ದು ಎರಡು ದಿನವಾಗಿತ್ತು. ಗೋಪಾಲಸ್ವಾಮಿ ಬೆಟ್ಟದ ನೆತ್ತಿಯಲ್ಲಿ ಮಂಜು ಇನ್ನೂ ಕರಗಿರಲಿಲ್ಲ. ಕೆಳಗೆ, ಗುಂಡ್ಲುಪೇಟೆ ತಾಲ್ಲೂಕಿನ ಒಂದು ಹೊಲದಲ್ಲಿ ಎಂಟು ಹೆಂಗಸರು ಸಾಲು ಹಿಡಿದು ಕುಕ್ಕರುಗಾಲಲ್ಲಿ ಹಿಂದೆ ಹಿಂದೆ ಸರಿಯುತ್ತಿದ್ದರು. ಎಡಗೈಯ ಬೇಸಿನ್ನಿನಲ್ಲಿ ಗೋಲಿ ಗಾತ್ರದ ಕೆಂಪು ಗೆಡ್ಡೆಗಳು. ಬಲಗೈ ಹೆಬ್ಬೆರಳು ಒಂದೊಂದನ್ನೇ ದಿಂಡಿನ ಮಗ್ಗುಲಿಗೆ ಒತ್ತುತ್ತಿತ್ತು, ಮೂತಿ ಮಾತ್ರ ಮೇಲೆ ಕಾಣುವ ಹಾಗೆ.

ಇನ್ನೊಂದಿಷ್ಟು ಒಳಗೆ ಊರಬಾರದೇ ಎಂದು ಕೇಳಿದೆ. ಸಾಲಿನ ಹಿರಿಯಾಕೆ ತಲೆ ಎತ್ತದೆ ಹೇಳಿದರು: "ಬ್ಯಾಡ ಕನಣ್ಣ. ಇದ್ಕೆ ಆಳ ಬೇಕಿಲ್ಲ, ಹದ ಬೇಕು."

ಹದ. ಕೃಷಿ ವಿಜ್ಞಾನ ಹತ್ತಾರು ಪುಟಗಳಲ್ಲಿ ಬಿಡಿಸಿ ಹೇಳುವುದನ್ನೆಲ್ಲ ನಮ್ಮ ಹೊಲದ ಮಾತು ಈ ಎರಡಕ್ಷರದಲ್ಲಿ ಹಿಡಿದಿಟ್ಟಿದೆ. ಮಣ್ಣಿನಲ್ಲಿ ನೀರೂ ಇರಬೇಕು, ಗಾಳಿಯೂ ಇರಬೇಕು. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬೆರಳು ತಾಗಿಸಿದರೆ ಪುಡಿಯಾಗಬೇಕು. ಬೇರೆ ಬೆಳೆಗಳು ಹದ ತಪ್ಪಿದರೂ ಹೇಗೋ ಹೊಂದಿಕೊಳ್ಳುತ್ತವೆ. ಸಣ್ಣ ಈರುಳ್ಳಿ ಹಾಗಲ್ಲ. ಅದಕ್ಕಿರುವ ಕಾಲಾವಕಾಶವೇ ಎಪ್ಪತ್ತು, ಹೆಚ್ಚೆಂದರೆ ತೊಂಬತ್ತು ದಿನ.

ಬೆಂಗಳೂರಿನ ಅಂಗಡಿಯಲ್ಲಿ ಸಾಂಬಾರ್ ಈರುಳ್ಳಿ, ಗುಂಡ್ಲುಪೇಟೆಯಲ್ಲಿ ಸಣ್ಣ ಈರುಳ್ಳಿ, ಗಡಿ ದಾಟಿದರೆ ಚಿನ್ನ ವೆಂಗಾಯಂ, ಬಂಡೀಪುರದ ಕಾಡು ದಾಟಿದರೆ ಚುವನ್ನುಳ್ಳಿ. ಚಾಮರಾಜನಗರ ಜಿಲ್ಲೆಯಲ್ಲಿ ಬೆಳೆದದ್ದರ ಬಹುಪಾಲು ತಮಿಳುನಾಡು, ಕೇರಳದ ಅಡುಗೆಮನೆಗಳಿಗೇ ಹೋಗುತ್ತದೆ. ಬೆಲೆ ಏರಿದರೆ, ಬಿದ್ದರೆ ಸುದ್ದಿಯಾಗುತ್ತದೆ. ಕಾಲಡಿಯ ಮಣ್ಣು ಮಾತ್ರ ಎಂದೂ ಸುದ್ದಿಯಾಗುವುದಿಲ್ಲ. ಈ ಬರಹ ಅದರ ಬಗ್ಗೆ.

ರೋಮವಿಲ್ಲದ ಬೇರು

ಒಂದು ಸಣ್ಣ ಈರುಳ್ಳಿ ಗಿಡವನ್ನು ಮೆಲ್ಲಗೆ ಕಿತ್ತು ನೀರಿನಲ್ಲಿ ಆಡಿಸಿ ನೋಡಿ. ಬುಡದಿಂದ ಇಳಿಬಿದ್ದ ಬಿಳಿ ದಾರಗಳ ಹಾಗೆ ಬೇರು. ಕವಲುಗಳು ತೀರ ಕಡಿಮೆ. ಜೋಳದ ಬೇರಿಗೋ ಹುರುಳಿ ಬೇರಿಗೋ ಇರುವ ನವಿರಾದ ಬೇರುರೋಮ ಇಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಬೇರಿನ ಬಹುಭಾಗ ಮೇಲಿನ 15-20 ಸೆಂ.ಮೀ. ಮಣ್ಣಿನಲ್ಲೇ ಇರುತ್ತದೆ. ಕೈಯ ಅಳತೆಯಲ್ಲಿ ಒಂದು ಗೇಣು.

ಈ ಒಂದು ಸಂಗತಿ ಗೊತ್ತಾದರೆ ಉಳಿದದ್ದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ. ರೋಮವಿಲ್ಲದ ಬೇರು ದೂರದ ರಂಜಕವನ್ನು ತಾನೇ ತಲುಪಲಾರದು. ಅದಕ್ಕೆ ಮಣ್ಣಿನ ಶಿಲೀಂಧ್ರಗಳ ನೆರವು ಬೇಕು. ಮೈಕೊರೈಜಾ ಎಂಬ ಈ ಶಿಲೀಂಧ್ರದ ಎಳೆಗಳು ಬೇರಿನೊಳಗೆ ಒಂದು ತುದಿ, ಮಣ್ಣಿನಲ್ಲಿ ಇನ್ನೊಂದು ತುದಿ ಇಟ್ಟುಕೊಂಡು, ಗಿಡದಿಂದ ಸಕ್ಕರೆ ಪಡೆದು ರಂಜಕ ತಂದುಕೊಡುತ್ತವೆ. ಈರುಳ್ಳಿ ಕುಲ ಈ ಸಖ್ಯವನ್ನು ನೆಚ್ಚಿಕೊಂಡಷ್ಟು ಹೆಚ್ಚಿನ ಬೆಳೆಗಳು ನೆಚ್ಚಿಕೊಂಡಿಲ್ಲ. ಮೇಲಿಂದ ಮೇಲೆ ರೋಟವೇಟರ್ ಹೊಡೆದಾಗ ಕತ್ತರಿಸಿ ಹೋಗುವುದು ಇದೇ ಎಳೆಗಳ ಬಲೆ.

ರೋಟವೇಟರ್ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಮೇಲ್ಮಣ್ಣನ್ನು ಹಿಟ್ಟಿನಂತೆ ನುಣ್ಣಗೆ ಮಾಡಿ, ಅದರ ಅಲಗು ತಲುಪುವ ಆಳದಲ್ಲಿ ಒಂದು ಗಟ್ಟಿ ಪದರ ಕೂರಿಸುತ್ತದೆ. ಜೋರು ಮಳೆ ಬಂದಾಗ ಮೇಲಿನ ಹಿಟ್ಟು ಸೀಲ್ ಆಗಿ ಹಪ್ಪಳದಂತೆ ಒಣಗುತ್ತದೆ. ಒಳಗಿಳಿದ ನೀರು ಗಟ್ಟಿ ಪದರದ ಮೇಲೆ ನಿಂತುಬಿಡುತ್ತದೆ. ಎರಡು ಪದರಗಳ ನಡುವೆ ಉಸಿರು ಕಟ್ಟುವುದು ಸಣ್ಣ ಈರುಳ್ಳಿಗೆ. ಬುಡ ಕೊಳೆ ಶುರುವಾದಾಗ ರೈತ ಔಷಧಿ ಅಂಗಡಿಗೆ ಓಡುತ್ತಾನೆ. ಗುದ್ದಲಿ ಹಿಡಿದು ಒಂದು ಗೇಣು ಅಗೆದು ನೋಡುವುದು ಅದಕ್ಕಿಂತ ಮೊದಲು ಆಗಬೇಕಾದ ಕೆಲಸ.

ಗೆಡ್ಡೆ ಎಂದು ನಾವು ಕರೆಯುವುದು ಬೇರಲ್ಲ, ಎಲೆಗಳ ಬುಡ. ಎಲೆಬುಡಗಳು ಸಕ್ಕರೆ ತುಂಬಿಕೊಂಡು ದಪ್ಪವಾಗಿ ಒಂದರ ಮೇಲೊಂದು ಸುತ್ತಿಕೊಂಡಾಗ ಈರುಳ್ಳಿ. ದೊಡ್ಡ ಈರುಳ್ಳಿ ಒಂಟಿಯಾಗಿ ಊದುತ್ತದೆ. ಸಣ್ಣ ಈರುಳ್ಳಿಯ ತಾಯಿಗೆಡ್ಡೆ ಒಡೆದು ಐದೋ ಆರೋ ಎಂಟೋ ಮರಿಗಳಾಗುತ್ತದೆ. ಮರಿಗಳು ಒಂದನ್ನೊಂದು ತಳ್ಳಿಕೊಂಡು ಪಕ್ಕಕ್ಕೆ ಸರಿಯಬೇಕು. ಮಣ್ಣು ಜಾಗ ಬಿಟ್ಟುಕೊಟ್ಟರೆ ದುಂಡಗೆ, ಇಲ್ಲದಿದ್ದರೆ ಚಪ್ಪಟೆ, ಸೊಟ್ಟ, ಚಿಕ್ಕದು. ಮಾರುಕಟ್ಟೆಯಲ್ಲಿ ಗಾತ್ರ ನೋಡಿ ಬೆಲೆ ಕೂಗುವವರು ಆ ಹೊಲದ ಮಣ್ಣಿನ ಸಡಿಲಿಕೆಗೇ ಬೆಲೆ ಕಟ್ಟುತ್ತಿರುತ್ತಾರೆ.

---
ಬಾಕ್ಸ್: ಒಂದು ಎಕರೆ, ಒಂದು ಗೇಣು

ಒಂದು ಎಕರೆಯ ಮೇಲಿನ 15 ಸೆಂ.ಮೀ. ಮಣ್ಣಿನ ತೂಕ ಸುಮಾರು 9 ಲಕ್ಷ ಕೆ.ಜಿ. ಆ ರಾಶಿಯಲ್ಲಿ ಬೆಳೆಗೆ ಸಿಗುವ ಗಂಧಕ 9 ಕೆ.ಜಿ.ಗಿಂತ ಕಡಿಮೆಯಿದ್ದರೆ ಕೊರತೆ ಎಂದು ಲೆಕ್ಕ. ಸತು ಅರ್ಧ ಕೆ.ಜಿ.ಯ ಆಸುಪಾಸಿಗೆ ಇಳಿದರೆ ಕೊರತೆ. ಸಾವಯವ ಇಂಗಾಲ ಶೇ 0.5ಕ್ಕಿಂತ ಕಡಿಮೆಯಾದರೆ ಮಣ್ಣಿನ ಕಾರ್ಡಿನಲ್ಲಿ ‘ಕಡಿಮೆ’ ಎಂದು ಬೀಳುತ್ತದೆ. ಅಂದರೆ ಎಕರೆಗೆ ನಾಲ್ಕೂವರೆ ಟನ್ ಇಂಗಾಲಕ್ಕೂ ತತ್ವಾರ.
---

ಎರೆ ಮತ್ತು ಕೆಬ್ಬೆ

ಗುಂಡ್ಲುಪೇಟೆ ಸೀಮೆಯ ವಿಶೇಷವೆಂದರೆ ಕೆಂಪು ಮಣ್ಣು, ಕಪ್ಪು ಮಣ್ಣು ಎರಡೂ ಅಕ್ಕಪಕ್ಕ. ದಿಣ್ಣೆಯ ಮೇಲೆ ಕೆಬ್ಬೆ, ತಗ್ಗಿಗೆ ಇಳಿಯುತ್ತಿದ್ದಂತೆ ಎರೆ. ಒಂದೇ ಮನೆಯ ಅಣ್ಣನ ಪಾಲಿಗೆ ಒಂದು, ತಮ್ಮನ ಪಾಲಿಗೆ ಇನ್ನೊಂದು ಬಂದಿರಬಹುದು. ಬಿತ್ತನೆ ಗೆಡ್ಡೆ ಒಂದೇ ಮೂಟೆಯದಾದರೂ ಫಸಲು ಒಂದೇ ಥರ ಬರುವುದಿಲ್ಲ.

ಕೆಬ್ಬೆ ನೆಲ ಹುಟ್ಟಿದ್ದು ಗ್ರಾನೈಟು, ನೈಸ್ ಕಲ್ಲು ಸವೆದು. ಕೆಂಪು ಬಣ್ಣ ಕಬ್ಬಿಣದ ತುಕ್ಕಿನದು. ನೀರು ಸಲೀಸಾಗಿ ಬಸಿಯುತ್ತದೆ, ಬೇರಿಗೆ ಗಾಳಿ ಸಿಗುತ್ತದೆ, ಕಿತ್ತ ಗೆಡ್ಡೆ ಕೊಡವಿದರೆ ಶುಭ್ರ. ಮುಂಗಾರಿನ ಸಣ್ಣ ಈರುಳ್ಳಿಗೆ ಇದಕ್ಕಿಂತ ಒಳ್ಳೆಯ ಹಾಸಿಗೆ ಇಲ್ಲ. ಕೊರತೆ ಒಂದೇ, ಹಿಡಿದಿಟ್ಟುಕೊಳ್ಳುವ ಶಕ್ತಿ ಕಡಿಮೆ. ನೀರೂ ನಿಲ್ಲದು, ಹಾಕಿದ ಗೊಬ್ಬರವೂ ನಿಲ್ಲದು. ನಾಲ್ಕು ದಿನ ಮಳೆ ಕೈಕೊಟ್ಟರೆ ಎಲೆತುದಿ ಒಣಗಲು ಶುರು. ಕೆಂಪು ಮಣ್ಣಿನಲ್ಲಿ ಒಂದೇ ಸಲಕ್ಕೆ ಸುರಿದ ಯೂರಿಯಾದ ದೊಡ್ಡ ಪಾಲು ಮುಂದಿನ ಮಳೆಯ ಜೊತೆ ಇಳಿದು ಹೋಗುತ್ತದೆ.

ಎರೆ ಇದಕ್ಕೆ ತದ್ವಿರುದ್ಧ. ಅದರ ಜೇಡಿಕಣಗಳು ನೀರು ಕುಡಿದು ಉಬ್ಬುತ್ತವೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತವೆ. ನೀರನ್ನೂ ಪೋಷಕಾಂಶವನ್ನೂ ಹಿಡಿದಿಡುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಮಳೆ ಹಿತಮಿತವಾಗಿದ್ದ ವರ್ಷ ಎರೆಯ ಫಸಲು ಕೆಬ್ಬೆಯನ್ನು ಹಿಂದೆ ಹಾಕುತ್ತದೆ. ಆದರೆ ಉಬ್ಬಿದ ಎರೆಯಲ್ಲಿ ಗಾಳಿಗೆ ಜಾಗವಿಲ್ಲ. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಗೆಡ್ಡೆ ಮಣ್ಣಲ್ಲೇ ಕೊಳೆಯುತ್ತದೆ. ಕಿತ್ತರೂ ಅಂಟಿದ ಮಣ್ಣು ಬಿಡಿಸುವುದು, ಒಣಗಿಸುವುದು ಎರಡೂ ತಡ. ಬಿರುಕು ಬಿಟ್ಟಾಗ ಮೇಲಿನ ಬೇರುಗಳು ಹರಿಯುತ್ತವೆ.

ಎರೆಯ ಇನ್ನೊಂದು ಗುಣ ಕಣ್ಣಿಗೆ ಕಾಣದು. ಅಗೆದರೆ ಹಲವೆಡೆ ಬಿಳಿ ಸುಣ್ಣದ ಹರಳು ಸಿಗುತ್ತವೆ. ಅಂಥಲ್ಲಿ ಮಣ್ಣಿನ ರಸಸಾರ 8 ದಾಟಿರುತ್ತದೆ. ಈರುಳ್ಳಿಗೆ ಹಿತವಾದದ್ದು 6ರಿಂದ 7. ಎಂಟರ ಮೇಲೆ ರಂಜಕ ಸುಣ್ಣದ ಜೊತೆ ಕಟ್ಟಿಕೊಳ್ಳುತ್ತದೆ, ಸತು ಮತ್ತು ಕಬ್ಬಿಣ ಮಣ್ಣಲ್ಲಿದ್ದರೂ ಬೇರಿಗೆ ಸಿಗುವುದಿಲ್ಲ. ಹಾಗೆಂದು ರಸಸಾರ 5.5ರ ಕೆಳಗಿಳಿದರೂ ಕಷ್ಟವೇ. ಆಗ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನೇ ಸುಡುತ್ತದೆ. ಎಲೆ ಬಿಳಿಚಿಕೊಂಡ ಕಾರಣ ತಿಳಿಯದೆ ಮತ್ತೊಂದು ಮೂಟೆ ಗೊಬ್ಬರ ಸುರಿಯುವವರು ಎಷ್ಟೋ ಮಂದಿ. ಬೀಗ ಬಿದ್ದ ಕಣಜಕ್ಕೆ ಮತ್ತೆ ಮತ್ತೆ ದವಸ ತುಂಬಿದ ಹಾಗೆ ಅದು.

ಎರೆಯಲ್ಲಿ ಸಣ್ಣ ಈರುಳ್ಳಿ ಬೆಳೆಯಲೇಬಾರದೆಂದು ನಾನು ಹೇಳುತ್ತಿಲ್ಲ. ಇಂಡೊನೇಷ್ಯಾದ ಜಾವಾ ದ್ವೀಪದಲ್ಲಿರುವ ಬ್ರೆಬೆಸ್ ಆ ದೇಶದ ಅತಿ ದೊಡ್ಡ ಸಣ್ಣ ಈರುಳ್ಳಿ ಸೀಮೆ. ಅಲ್ಲಿಯದು ಕಡಲ ತೀರದ ಬಯಲು, ಜಿಗುಟು ಮಣ್ಣು. ಅಲ್ಲಿನ ರೈತರು ಆಳದ ಕಾಲುವೆ ತೋಡಿ, ಆ ಮಣ್ಣನ್ನೆಲ್ಲ ಮೇಲೆ ಹಾಕಿ ಏರುಮಡಿ ಕಟ್ಟುತ್ತಾರೆ. ಬೇರು ಎತ್ತರದಲ್ಲಿ, ನೀರು ತಗ್ಗಿನಲ್ಲಿ. ಕಾಲುವೆಯ ನೀರನ್ನು ಮೊಗೆದು ಎಲೆಗಳ ಮೇಲೆ ಎರಚುತ್ತ ಸಾಗುವುದು ಅಲ್ಲಿನ ದಿನಚರಿ. ಮಣ್ಣಿನ ಜಾತಿಯನ್ನು ಬದಲಿಸಲಾಗದಿದ್ದರೂ ಬೇರು ಕೂರುವ ಒಂದು ಗೇಣನ್ನು ಕಟ್ಟಿಕೊಡಬಹುದು ಎಂಬುದಕ್ಕೆ ಬ್ರೆಬೆಸ್ ಸಾಕ್ಷಿ. ನಮ್ಮ ಎರೆ ಹೊಲಗಳಲ್ಲಿ ಅರ್ಧ ಅಡಿ ಏರುಮಡಿ ಮಾಡಿ ಹನಿ ನೀರಾವರಿ ಪೈಪು ಎಳೆದರೆ ಅದೇ ಸೂತ್ರ.

ಬೇರಂಬಾಡಿಯ ಬಾವಿಗಳು

ಇಲ್ಲಿಂದ ಮುಂದಿನ ಕಥೆ ಮಣ್ಣಿನ ಕೆಳಗಿನಿಂದ ಬರುತ್ತದೆ.

ಗುಂಡ್ಲುಪೇಟೆ ತಾಲ್ಲೂಕಿನ ಬೇರಂಬಾಡಿ ಸುಮಾರು 84 ಚದರ ಕಿ.ಮೀ.ಯ ಜಲಾನಯನ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಫ್ರಾನ್ಸಿನ ವಿಜ್ಞಾನಿಗಳು ಸೇರಿ ವರ್ಷಗಳಿಂದ ಇಲ್ಲಿನ ಮಳೆ, ಮಣ್ಣು, ಬೆಳೆ, ಅಂತರ್ಜಲವನ್ನು ಅಳೆಯುತ್ತಿದ್ದಾರೆ. ನೂರಾರು ಕೊಳವೆಬಾವಿಗಳ ನೀರಿನ ಮಾದರಿ ತೆಗೆದಿದ್ದಾರೆ. ನಮ್ಮ ರಾಜ್ಯದ ಒಂದು ಹಳ್ಳಿಸೀಮೆಯ ಮಣ್ಣು, ನೀರನ್ನು ಇಷ್ಟು ಹತ್ತಿರದಿಂದ ಓದಿದ ಕೆಲಸ ಅಪರೂಪ. ಅದು ಸಣ್ಣ ಈರುಳ್ಳಿ, ಅರಿಶಿನ, ಚೆಂಡು ಹೂ ಬೆಳೆಯುವವರ ಮನೆಮಾತಾಗಬೇಕಿತ್ತು.

2017ರಲ್ಲಿ ಪ್ರಕಟವಾದ ಅವರ ಒಂದು ಅಧ್ಯಯನ ನೈಟ್ರೇಟ್ ಬಗ್ಗೆ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿ.ಗ್ರಾಂ. ನೈಟ್ರೇಟ್ ನಮ್ಮ ದೇಶದ ಮಿತಿ. ಬೇರಂಬಾಡಿಯ ಕೆಲವು ಕಡೆ ಬಾವಿಗಳಲ್ಲಿ ಅದು ಹಲವು ಪಟ್ಟು ಮೀರಿತ್ತು. ಹೊಲಕ್ಕೆ ಸುರಿದ ಸಾರಜನಕ ಕೆಳಗಿಳಿದು ಅಂತರ್ಜಲ ಸೇರಿ, ಅದೇ ನೀರು ಪಂಪಿನಲ್ಲಿ ಮೇಲೆ ಬಂದು ಅದೇ ಹೊಲಕ್ಕೆ ಹರಿಯುತ್ತದೆ.

ಒಂದು ಲೆಕ್ಕ ಹಾಕಿ ನೋಡಿದೆ. ಲೀಟರಿಗೆ 100 ಮಿ.ಗ್ರಾಂ. ನೈಟ್ರೇಟ್ ಇರುವ ನೀರನ್ನು ಬೆಳೆಯುದ್ದಕ್ಕೂ ಒಟ್ಟು ಒಂದು ಅಡಿಯಷ್ಟು ಹಾಯಿಸಿದರೆ, ಎಕರೆಗೆ ಸುಮಾರು 28 ಕೆ.ಜಿ. ಸಾರಜನಕ ನೀರಿನಲ್ಲೇ ಬಂದಂತಾಯಿತು. ಒಂದು ಮೂಟೆ ಯೂರಿಯಾದಲ್ಲಿ ಇರುವುದಕ್ಕಿಂತ ಹೆಚ್ಚು. ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಸಣ್ಣ ಈರುಳ್ಳಿಗೆ ಹೇಳುವ ಸಾರಜನಕ ಹೆಕ್ಟೇರಿಗೆ 60 ಕೆ.ಜಿ., ಎಕರೆಗೆ 24 ಕೆ.ಜಿ. ಅಂಥ ಬಾವಿಯ ರೈತ ಯೂರಿಯಾ ಮೂಟೆ ಬಿಚ್ಚುವ ಮೊದಲೇ ಬೆಳೆ ಹೊಟ್ಟೆ ತುಂಬ ಉಂಡಿರುತ್ತದೆ. ಮೇಲೆ ಹಾಕಿದ್ದೆಲ್ಲ ಎಲೆಗೆ ಹೋಗುತ್ತದೆ. ಹೊಲ ಕಡು ಹಸಿರಾಗಿ ಕಣ್ಣಿಗೆ ತಂಪು. ಆದರೆ ಗೆಡ್ಡೆಯ ಕುತ್ತಿಗೆ ದಪ್ಪವಾಗಿ ಸರಿಯಾಗಿ ಮುಚ್ಚಿಕೊಳ್ಳದು, ಹೊಲದಲ್ಲಿ ಥ್ರಿಪ್ಸ್ ಕಾಟ, ಮೂಟೆಯಲ್ಲಿ ಕೊಳೆ.

2020ರಲ್ಲಿ ‘ಸೈಂಟಿಫಿಕ್ ರಿಪೋರ್ಟ್ಸ್’ ಪತ್ರಿಕೆಯಲ್ಲಿ ಬಂದ ಇನ್ನೊಂದು ಅಧ್ಯಯನ ನನ್ನನ್ನು ಹೆಚ್ಚು ಕಾಡಿತು. ಬೇರಂಬಾಡಿಯ ಅಂತರ್ಜಲ ನಿಧಾನವಾಗಿ ಉಪ್ಪಾಗತೊಡಗಿದೆ. ಅದಕ್ಕೆ ಒಂದು ಮುಖ್ಯ ಕಾರಣ ಪೊಟ್ಯಾಷ್ ಗೊಬ್ಬರ. ಅಂಗಡಿಯಲ್ಲಿ ಸಿಗುವ ಕೆಂಪು ಪೊಟ್ಯಾಷ್, ಅಂದರೆ ಮ್ಯುರಿಯೇಟ್ ಆಫ್ ಪೊಟ್ಯಾಷ್, ರಾಸಾಯನಿಕವಾಗಿ ಪೊಟ್ಯಾಸಿಯಂ ಕ್ಲೋರೈಡ್. 50 ಕೆ.ಜಿ. ಮೂಟೆಯಲ್ಲಿ ಸುಮಾರು 23 ಕೆ.ಜಿ. ಕ್ಲೋರೈಡ್. ಬೆಳೆ ಪೊಟ್ಯಾಷನ್ನು ತೆಗೆದುಕೊಳ್ಳುತ್ತದೆ, ಕ್ಲೋರೈಡ್‌ನ ಬಹುಪಾಲನ್ನು ಬಿಟ್ಟುಬಿಡುತ್ತದೆ. ಅದು ನೀರಿನ ಜೊತೆ ಕೆಳಗಿಳಿದು, ಪಂಪಿನ ಜೊತೆ ಮೇಲೇರಿ, ಪ್ರತಿ ಸುತ್ತಿಗೂ ಇನ್ನಷ್ಟು ಗಟ್ಟಿಯಾಗುತ್ತದೆ. ಸಮುದ್ರದಿಂದ ಇಷ್ಟು ದೂರದ, ಬೆಟ್ಟದ ಬುಡದ ನೆಲ ಚೌಳಾಗುವ ದಾರಿ ಇದು.

ಮತ್ತು ಈರುಳ್ಳಿಗೆ ಉಪ್ಪು ಆಗದು. ಮಣ್ಣಿನ ಲವಣಾಂಶವನ್ನು ವಿದ್ಯುತ್ ವಾಹಕತೆಯಿಂದ ಅಳೆಯುತ್ತಾರೆ. ಹತ್ತಿ 7.7ರವರೆಗೆ, ಜೋಳ 6.8ರವರೆಗೆ ಇಳುವರಿ ಬಿಟ್ಟುಕೊಡುವುದಿಲ್ಲ. ಈರುಳ್ಳಿ 1.2ಕ್ಕೇ ಸೋಲಲು ಶುರು ಮಾಡುತ್ತದೆ. ಅಲ್ಲಿಂದ ಪ್ರತಿ ಒಂದು ಅಂಕ ಏರಿದಾಗಲೂ ಇಳುವರಿಯಲ್ಲಿ ಶೇ 16ರಷ್ಟು ಇಳಿತ. 4.3 ತಲುಪುವಾಗ ಅರ್ಧ ಫಸಲು ಹೋಗಿರುತ್ತದೆ. ಈ ಅಂಕಿ ದೊಡ್ಡ ಈರುಳ್ಳಿಯ ಮೇಲೆ ಮಾಡಿದ ಪ್ರಯೋಗಗಳದ್ದು, ಸಣ್ಣದೂ ಅದೇ ಜಾತಿಯ ಗಿಡ. ಚೌಳು ಮಣ್ಣಿನ ಮೇಲೆ ಬಿಳಿ ಪುಡಿಯಾಗಿ ಕಾಣುವ ಎಷ್ಟೋ ಮೊದಲೇ ಈ ಬೆಳೆ ತೂಕ ಕಳೆದುಕೊಂಡಿರುತ್ತದೆ. ರೈತ ಅದನ್ನು ಬೀಜದ ದೋಷ ಎಂದುಕೊಳ್ಳುತ್ತಾನೆ.

---
ಬಾಕ್ಸ್: ಗುಲಾಬಿ ಈರುಳ್ಳಿ ಬೇರೆ, ಸಾಂಬಾರ್ ಈರುಳ್ಳಿ ಬೇರೆ

ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಸುತ್ತಿನ ಗುಲಾಬಿ ಈರುಳ್ಳಿಯೂ ಚಿಕ್ಕದೇ. ಆದರೆ ಅದು ಬೀಜದಿಂದ ಬೆಳೆಯುವ, ಗುಂಪು ಒಡೆಯದ ಒಂಟಿ ಗೆಡ್ಡೆ. 2015ರಲ್ಲಿ ‘ಬೆಂಗಳೂರು ರೋಸ್ ಈರುಳ್ಳಿ’ಗೆ ಭೌಗೋಳಿಕ ಗುರುತು ಸಿಕ್ಕಿತು. ಮಲೇಷ್ಯಾ, ಸಿಂಗಪುರದಂಥ ದೇಶಗಳಿಗೆ ಹೋಗುವ ಬೆಳೆ ಇದು. 6.5ರಿಂದ 7ರ ರಸಸಾರ, ತೀರ ಕಡಿಮೆ ಲವಣಾಂಶದ ಮಣ್ಣು ಅದರ ಗುಣಕ್ಕೆ ಕಾರಣವೆಂದು ಗುರುತಿಸಲಾಗಿದೆ. 2023ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಈರುಳ್ಳಿಯ ಶೇ 40ರ ರಫ್ತು ಸುಂಕದಿಂದ ಈ ತಳಿಗೆ ವಿನಾಯಿತಿ ಕೊಟ್ಟಿತ್ತು.
---

ಘಾಟು ಬರುವುದು ಗಂಧಕದಿಂದ

ಸಣ್ಣ ಈರುಳ್ಳಿಯನ್ನು ಯಾರೂ ತೂಕ ನೋಡಿ ಇಷ್ಟಪಡುವುದಿಲ್ಲ. ಎಣ್ಣೆಗೆ ಬಿದ್ದಾಗ ಓಣಿಯ ತುದಿಗೆ ಮುಟ್ಟುವ ಆ ಪರಿಮಳ, ಹೆಚ್ಚುವಾಗ ಕಣ್ಣಲ್ಲಿ ತರಿಸುವ ನೀರು, ಇವಕ್ಕಾಗಿಯೇ ಹೆಚ್ಚು ಬೆಲೆ ಕೊಡುತ್ತಾರೆ. ಎರಡೂ ಗಂಧಕದ ಸಂಯುಕ್ತಗಳ ಕೆಲಸ. ಗಂಧಕ ಬರಬೇಕಾದದ್ದು ಮಣ್ಣಿನಿಂದ.

ಇದಕ್ಕೆ ಜಗತ್ತು ಕಂಡ ಸ್ಪಷ್ಟ ಉದಾಹರಣೆ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿದೆ. ಅಲ್ಲಿನ ವಿಡಾಲಿಯಾ ಪಟ್ಟಣದ ಸುತ್ತ 1930ರ ದಶಕದ ಆರಂಭದಲ್ಲಿ ರೈತರು ಬೆಳೆದ ಈರುಳ್ಳಿ ಖಾರವಿಲ್ಲದೆ ಸಿಹಿಯಾಗಿ ಬಂತು. ಕಾರಣ ಅಲ್ಲಿನ ಮರಳು ಮಣ್ಣಿನಲ್ಲಿ ಗಂಧಕ ತೀರ ಕಡಿಮೆ. ಆ ಕೊರತೆಯೇ ಅವರಿಗೆ ವರವಾಗಿ, 1986ರಲ್ಲಿ ಅದರ ಹೆಸರನ್ನು ಕಾಯಲು ರಾಜ್ಯ ಕಾನೂನು ಮಾಡಿತು. ಅವರಿಗೆ ಸಿಹಿ ಬೇಕಿತ್ತು. ನಮ್ಮ ಸಾಂಬಾರಿಗೆ ಸಿಹಿ ಈರುಳ್ಳಿ ನಡೆಯದು.

ನಮ್ಮ ಹೊಲಗಳಲ್ಲಿ ಗಂಧಕ ಸದ್ದಿಲ್ಲದೆ ಕಡಿಮೆಯಾಗಿದೆ. ಹಿಂದೆ ಸೂಪರ್ ಎಂದು ಕರೆಯುತ್ತಿದ್ದ ಸಿಂಗಲ್ ಸೂಪರ್ ಫಾಸ್ಫೇಟ್ ಹಾಕುತ್ತಿದ್ದರು. ಅದರಲ್ಲಿ ರಂಜಕದ ಜೊತೆ ಶೇ 11ರಷ್ಟು ಗಂಧಕವೂ ಇತ್ತು. ಯಾರೂ ಕೇಳದೆಯೇ ಬೆಳೆಗೆ ಸಿಗುತ್ತಿತ್ತು. ಆಮೇಲೆ ಡಿಎಪಿ ಬಂತು. ಮೂಟೆ ಕಡಿಮೆ, ಸಾಗಿಸುವುದು ಸುಲಭ, ಬೆಳೆ ಬೇಗ ಹಸಿರಾಗುತ್ತದೆ. ಅದರಲ್ಲಿ ಗಂಧಕ ಇಲ್ಲ. ಸಣ್ಣ ಈರುಳ್ಳಿ ಹಾಕುವವರು ಸೂಪರ್‌ಗೆ ಮರಳುವುದು ಹಳೆಯ ಕಾಲದ ಮಾತಲ್ಲ, ಸರಿಯಾದ ಲೆಕ್ಕ. ಜಿಪ್ಸಂ ಹಾಕಿದರೂ ನಡೆಯುತ್ತದೆ, ಜಿಗುಟು ಎರೆಗೆ ಅದರಿಂದ ಬೇರೆ ಲಾಭವೂ ಇದೆ. ಪೊಟ್ಯಾಷನ್ನು ಸಲ್ಫೇಟ್ ರೂಪದಲ್ಲಿ ಕೊಟ್ಟರೆ ಗಂಧಕವೂ ಸಿಕ್ಕಿತು, ಕ್ಲೋರೈಡೂ ತಪ್ಪಿತು. ಬೆಲೆ ಮಾತ್ರ ಕೆಂಪು ಪೊಟ್ಯಾಷಿಗಿಂತ ಬಹಳ ಹೆಚ್ಚು. ಬೇರಂಬಾಡಿಯಂಥ ಸೀಮೆಯಲ್ಲಿ ಆ ವ್ಯತ್ಯಾಸವನ್ನು ರೈತನೊಬ್ಬನೇ ಹೊರಬೇಕೇ? ಬಾವಿ ಉಪ್ಪಾದರೆ ನಷ್ಟ ಇಡೀ ಊರಿಗೆ. ಸಬ್ಸಿಡಿ ಇರಬೇಕಾದದ್ದು ಇಂಥ ಕಡೆ ಎಂದು ನನ್ನ ದೃಢ ಅಭಿಪ್ರಾಯ.

ಗೋಡು, ಮಂದೆ, ಕಾರ್ಡು

ಕೆಬ್ಬೆ ನೆಲಕ್ಕೆ ಕೆರೆ ಗೋಡು ಹೊಡೆಸುವುದು ಹಳೇ ಮೈಸೂರು ಸೀಮೆಯ ಹಳೆಯ ಪದ್ಧತಿ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗಾಡಿಗಟ್ಟಲೆ ಗೋಡು ತಂದು ಹರಡುತ್ತಿದ್ದರು. ಗೋಡಿನ ಜೇಡಿ ಸೇರಿದಾಗ ಕೆಂಪು ಮಣ್ಣಿಗೆ ನೀರು ಹಿಡಿಯುವ ಶಕ್ತಿ ಬರುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕುರಿಮಂದೆ ನಿಲ್ಲಿಸುವುದೂ ಹಾಗೆಯೇ, ಗೊಬ್ಬರ ಹೊತ್ತು ಹಾಕುವ ಕೂಲಿ ಉಳಿಯುತ್ತಿತ್ತು. ಸಾವಯವ ಅಂಶ ಎರಡೂ ಮಣ್ಣಿಗೆ ಬೇಕು, ಕಾರಣ ಮಾತ್ರ ಬೇರೆ. ಕೆಬ್ಬೆಯಲ್ಲಿ ಅದು ನೀರು ಹಿಡಿಯುತ್ತದೆ, ಎರೆಯಲ್ಲಿ ಗಾಳಿಗೆ ದಾರಿ ಬಿಡಿಸುತ್ತದೆ. ಹೆಕ್ಟೇರಿಗೆ 25 ಟನ್ ಕೊಟ್ಟಿಗೆ ಗೊಬ್ಬರ ಎಂದು ಶಿಫಾರಸು ಹೇಳುತ್ತದೆ. ದನವೇ ಇಲ್ಲದ ಮನೆಗಳಲ್ಲಿ ಅದನ್ನು ಎಲ್ಲಿಂದ ತರುವುದು ಎಂಬುದು ನಿಜವಾದ ಪ್ರಶ್ನೆ. ಸೆಣಬು, ಡಯಾಂಚ ಬಿತ್ತಿ ಹೂವಿಗೆ ಬರುವ ಮೊದಲು ಮಣ್ಣಿಗೆ ಮಗುಚುವುದು ಉಳಿದಿರುವ ದಾರಿ.

ಬುಡ ಕೊಳೆಸುವ ಫ್ಯುಸೇರಿಯಂ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಸುಮ್ಮನೆ ಕಾಯುತ್ತದೆ. ಹೋದ ವರ್ಷ ಬೆಲೆ ಬಂತೆಂದು ಅದೇ ಹೊಲಕ್ಕೆ ಮತ್ತೆ ಸಣ್ಣ ಈರುಳ್ಳಿ ಹಾಕಿದರೆ ಅದಕ್ಕೆ ಊಟ ಬಡಿಸಿದಂತೆ. ಈ ಸೀಮೆಯಲ್ಲಿ ಚೆಂಡು ಹೂ ಇರುವುದು ಪುಣ್ಯ. ಅದರ ಬೇರು ಜಂತುಹುಳುಗಳನ್ನು ಹಿಮ್ಮೆಟ್ಟಿಸುತ್ತದೆ. ಈರುಳ್ಳಿ ತೆಗೆದ ಹೊಲಕ್ಕೆ ಚೆಂಡು ಹೂ, ಆಮೇಲೆ ರಾಗಿಯೋ ಜೋಳವೋ ಹುರುಳಿಯೋ ಹಾಕಿದರೆ ಮಣ್ಣಿಗೆ ಉಸಿರಾಡಲು ಸಮಯ ಸಿಗುತ್ತದೆ.

ಮಣ್ಣಿನ ಆರೋಗ್ಯ ಕಾರ್ಡ್ ಯೋಜನೆ ಶುರುವಾದದ್ದು 2015ರ ಫೆಬ್ರುವರಿ 19ರಂದು. ಕಾರ್ಡಿನಲ್ಲಿ ರಸಸಾರ, ಲವಣಾಂಶ, ಸಾವಯವ ಇಂಗಾಲ, ಗಂಧಕ, ಸತು, ಬೋರಾನ್ ಸೇರಿ 12 ಅಂಶಗಳಿರುತ್ತವೆ. ಸಣ್ಣ ಈರುಳ್ಳಿಯವರು ಮೊದಲು ನೋಡಬೇಕಾದದ್ದು ಲವಣಾಂಶ ಮತ್ತು ಗಂಧಕ. ಎಕರೆಗೆ 400ರಿಂದ 600 ಕೆ.ಜಿ. ಬಿತ್ತನೆ ಗೆಡ್ಡೆ ಬೇಕಾಗುವ ಬೆಳೆ ಇದು. ಬೀಜಕ್ಕೇ ಅಷ್ಟು ದುಡ್ಡು ಸುರಿಯುವ ಮೊದಲು ಅರ್ಧ ಕೆ.ಜಿ. ಮಣ್ಣನ್ನು ಪರೀಕ್ಷೆಗೆ ಕೊಡುವುದು ದೊಡ್ಡ ಖರ್ಚಲ್ಲ. ಜೊತೆಗೆ ಒಂದು ಬಾಟಲಿ ಬಾವಿ ನೀರನ್ನೂ ಕೊಡಬೇಕು.

---
ಬಾಕ್ಸ್: ಮಾದರಿ ತೆಗೆಯುವ ಬಗೆ

ಗೊಬ್ಬರ ಹಾಕುವ ಮೊದಲು ತೆಗೆಯಿರಿ. ಕೆಂಪು, ಕಪ್ಪು ಎರಡೂ ಇದ್ದರೆ ಬೇರೆ ಬೇರೆ ಮಾದರಿ. ಹೊಲದಲ್ಲಿ ಅಂಕುಡೊಂಕಾಗಿ ನಡೆಯುತ್ತ 10-15 ಕಡೆ ಇಂಗ್ಲಿಷ್ ‘ವಿ’ ಆಕಾರದ ಗುಂಡಿ, ಆಳ 15 ಸೆಂ.ಮೀ. ಗೋಡೆಯಿಂದ ಒಂದು ಅಂಗುಲ ದಪ್ಪ ಸೀಳಿ ತೆಗೆಯಿರಿ. ಬದು, ತಿಪ್ಪೆ, ಮರದ ನೆರಳು ಬೇಡ. ಎಲ್ಲ ಬೆರೆಸಿ ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡನ್ನು ಬಿಡಿ. ಅರ್ಧ ಕೆ.ಜಿ. ಉಳಿಯುವವರೆಗೆ ಹೀಗೇ ಮಾಡಿ ನೆರಳಲ್ಲಿ ಒಣಗಿಸಿ.
---

ಆಷಾಢದ ಗಾಳಿ ಬೀಸುವಾಗ ಅದೇ ಹೊಲಕ್ಕೆ ಮತ್ತೆ ಹೋದೆ. ಎಲೆಗಳ ಕುತ್ತಿಗೆ ಬಿದ್ದಿತ್ತು. ನೀರು ನಿಲ್ಲಿಸಿ ಹತ್ತು ದಿನವಾಗಿತ್ತಂತೆ. ಭರಣಿ ಮಳೆಯಲ್ಲಿ ಸಾಲು ಹಿಡಿದಿದ್ದ ಹೆಂಗಸರೇ ಈಗ ಕೀಳುತ್ತಿದ್ದರು. ಬಂಡೀಪುರದಲ್ಲಿ ರಾತ್ರಿ ಒಂಬತ್ತಕ್ಕೆ ಗೇಟು ಬೀಳುವ ಮೊದಲು ಕೇರಳದ ಲಾರಿ ಕಾಡು ದಾಟಬೇಕಿತ್ತು, ಹಾಗಾಗಿ ಎಲ್ಲರ ಕೈಯೂ ಚುರುಕು.

ಹಿರಿಯಾಕೆ ಒಂದು ಗುಂಪನ್ನು ಎತ್ತಿ ನನಗೆ ತೋರಿಸಿದರು. ಎಣಿಸಿದೆ, ಏಳು ಮರಿ, ಎಲ್ಲವೂ ದುಂಡಗೆ. ಪಕ್ಕದ ತಗ್ಗಿನ ಸಾಲಿನದನ್ನೂ ಎತ್ತಿದರು. ಅಲ್ಲಿ ನಾಲ್ಕೇ, ಒಂದು ಬದಿ ಚಪ್ಪಟೆ. "ಅಲ್ಲಿ ನೀರು ನಿಂತಿತ್ತು ಕನಣ್ಣ" ಎಂದರು. ಬೇರಿಗೆ ಅಂಟಿದ ಮಣ್ಣನ್ನು ಎರಡು ಸಲ ಕೊಡವಿ ಅದೇ ಸಾಲಿಗೆ ಉದುರಿಸಿ, ಗೆಡ್ಡೆಗಳನ್ನು ಗುಡ್ಡೆಗೆ ಎಸೆದು ಮುಂದಿನ ಗಿಡಕ್ಕೆ ಕೈ ಹಾಕಿದರು.